ಪ್ಲಾಸ್ಟರ್ ಮಾಮನ ಬೆಕ್ಕು

ಮೊದಲೇ ಹೇಳಿಬಿಡಬೇಕು: ಪ್ಲಾಸ್ಟರ್ ಮಾಮನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಇದು ವಿನಯದ ಮಾತಲ್ಲ, ನಿಜಕ್ಕೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಕುದುರೆ ಬರೆದುಕೊಂಡು ಹೋದಾಗ ಡ್ರಾಯಿಂಗ್ ಮೇಷ್ಟ್ರು ಹಾಳೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಬೆಂಚು ಚೆನ್ನಾಗಿದೆ ಕಣಯ್ಯ, ಕುದುರೆ ಎಲ್ಲಿ?" ಎಂದು ಕೇಳಿದ್ದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆ ನಗು ಮೂವತ್ತು ವರ್ಷ ಅವನ ಕಿವಿಯಲ್ಲೇ ಉಳಿಯಿತು. ಮದುವೆಯಾದ ಮೇಲೆ ಹೆಂಡತಿಯ ತವರಿನವರು ತಮ್ಮ ಮನೆಗೆ ಬರುವ ದಾರಿಯನ್ನು ಚೀಟಿಯಲ್ಲಿ ಬರೆದು ತೋರಿಸಿ ಎಂದರೂ ಪೆನ್ನು ಮುಟ್ಟದೆ ಬಾಯಲ್ಲೇ ಹೇಳಿ ಮುಗಿಸುತ್ತಿದ್ದ.

ಕೆಲಸ ದೊಡ್ಡ ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್-ರೇ ಕೋಣೆಯ ಪಕ್ಕದಲ್ಲಿ. ಮೂಳೆ ಡಾಕ್ಟರಮ್ಮ ಮೂಳೆ ಕೂಡಿಸಿ ಕೊಟ್ಟ ಕೈಕಾಲುಗಳಿಗೆ ಹತ್ತಿ ಸುತ್ತಿ, ಪ್ಲಾಸ್ಟರ್ ಪಟ್ಟಿಯನ್ನು ಬೆಚ್ಚನೆ ನೀರಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ಮೆಲ್ಲಗೆ ಹಿಂಡಿ, ಸುತ್ತುತ್ತಾ ಅಂಗೈಯಲ್ಲಿ ಸವರುತ್ತಾ ಹೋಗುವುದು. ಕೊನೆಗೆ ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆ ಎರಡು ತಾರೀಕು: ಹಾಕಿದ್ದು, ಬಿಚ್ಚಬೇಕಾದ್ದು. ಕೈ ಪಳಗಿತ್ತು, ಕೆಲಸ ಅಚ್ಚುಕಟ್ಟು. ಕಷ್ಟವೆಲ್ಲ ಪ್ಲಾಸ್ಟರ್ ಗಟ್ಟಿಯಾಗುವ ಆ ಐದು ನಿಮಿಷದಲ್ಲಿ. ದೊಡ್ಡವರಾದರೆ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ಮಕ್ಕಳು ಕೂರುತ್ತಾರೆಯೇ? ಅಪ್ಪ ಹಿಡಿಯಬೇಕು, ಅಮ್ಮ ಹಿಡಿಯಬೇಕು, ಇವನು "ಅಳಬಾರದು, ಅಲ್ಲಾಡಬಾರದು" ಎಂದು ಗದರಬೇಕು. ಮಗು ಇನ್ನಷ್ಟು ಅಳುತ್ತಿತ್ತು. ಹೀಗೇ ಹದಿನೈದು ವರ್ಷ ಕಳೆದವು.

ಒಂದು ದಿನ ಒಬ್ಬ ಹುಡುಗನ ಮಣಿಕಟ್ಟಿನ ಮೇಲೆ ತಾರೀಕು ಬರೆಯುವಾಗ ಹಸಿ ಪ್ಲಾಸ್ಟರಿನಲ್ಲಿ ಸೊನ್ನೆಯ ಶಾಯಿ ಹರಡಿಬಿಟ್ಟಿತು. ಅಸಹ್ಯವಾಗಿ ಕಾಣುತ್ತಿದೆಯಲ್ಲ ಎಂದು ಅದಕ್ಕೆ ನಾಲ್ಕು ಮೋಟು ಕಾಲು, ಒಂದು ತಲೆ ಸಿಕ್ಕಿಸಿದ. ಆಮೆಯಂತಿತ್ತು. ಕಣ್ಣು ಬರೆಯುವ ಧೈರ್ಯ ಬರದೆ ಒಂದು ಬಾಗಿದ ಗೆರೆ ಎಳೆದು ಬಿಟ್ಟ.

ಹುಡುಗ ಅಳು ನಿಲ್ಲಿಸಿದ. "ಯಾಕೆ ಕಣ್ಣು ಮುಚ್ಕೊಂಡಿದೆ?"

"ನಿದ್ದೆ ಮಾಡ್ತಿದೆ," ಎಂದ ಇವನು, ಬಾಯಿಗೆ ಬಂದದ್ದು. "ನೀನು ಅಲ್ಲಾಡಿದ್ರೆ ಎದ್ದುಬಿಡುತ್ತೆ."

ಹುಡುಗ ಉಸಿರು ಬಿಗಿಹಿಡಿದು ಕೂತ. ಐದು ನಿಮಿಷ! ಹದಿನೈದು ವರ್ಷದಲ್ಲಿ ಆ ಕೋಣೆ ಅಷ್ಟು ತಣ್ಣಗಿದ್ದದ್ದು ಅದೇ ಮೊದಲು.

ಅಂದು ಮನೆಗೆ ಹೋದವನೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇನ್ನೊಂದು ಆಮೆ ಬರೆದ. ಹೆಂಡತಿ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವವಳು, ಕಣ್ಣು ಸೂಜಿಯಷ್ಟೇ ಚೂಪು, ನಾಲಿಗೆಯೂ ಅಷ್ಟೇ. "ರೊಟ್ಟೀನಾ?" ಎಂದಳು. ಇವನು ಬಿಡಲಿಲ್ಲ. ದಿನಕ್ಕೊಂದು ಪ್ರಾಣಿ, ನಿನ್ನೆ ಬರೆದದ್ದನ್ನು ಇವತ್ತು ಬರೆಯಬಾರದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡ. ಹಾಗೆ ಕಟ್ಟಳೆ ಹಾಕಿಕೊಂಡ ಮೇಲೆ ನೋಡುವುದು ಅನಿವಾರ್ಯವಾಯಿತು. ಬಸ್ ನಿಲ್ದಾಣದಲ್ಲಿ ಚಹಾ ಅಂಗಡಿಯ ನಾಯಿ ಮಲಗುವಾಗ ಮೂತಿಯನ್ನು ಹಿಂಗಾಲಿನ ಕೆಳಗೆ ತೂರಿಸುತ್ತದೆ ಎಂಬುದು ಅವನಿಗೆ ನಲವತ್ತೈದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಮಲಗಿದ ಪಾರಿವಾಳಕ್ಕೆ ಕತ್ತೇ ಇಲ್ಲವಾಗುವುದೂ ಗೊತ್ತಾಯಿತು. ಎದ್ದಿರುವ ಪ್ರಾಣಿ ನಿಲ್ಲುವುದಿಲ್ಲ, ಮಲಗಿದ್ದನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಎರಡು ಬಸ್ಸು ತಪ್ಪಿಸಿಕೊಂಡು ನೋಡಿದ್ದೂ ಉಂಟು.

ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎನ್ನುತ್ತಾರೆ. ಅವನ ಕೋಣೆಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿದ್ದವು. ಏಳು ವರ್ಷದಲ್ಲಿ ಆನೆ ಆನೆಯಂತೆ, ಮೊಲ ಮೊಲದಂತೆ ಕಾಣತೊಡಗಿದವು. ಕಣ್ಣು ಮಾತ್ರ ಒಲಿಯಲಿಲ್ಲ. ಒಮ್ಮೆ ಹಟ ಹಿಡಿದು ಕಣ್ಣು ಬಿಟ್ಟ ಬೆಕ್ಕನ್ನು ಬರೆದು ತೋರಿಸಿದರೆ ಹೆಂಡತಿ, "ಇದೇನ್ರೀ, ನಿಮ್ಮ ದೊಡ್ಡಪ್ಪ ಬೆಕ್ಕಿನ ವೇಷ ಹಾಕ್ಕೊಂಡು ಕೂತಿದಾರಲ್ಲ!" ಎಂದಳು. ನೋಡಿದರೆ ಹೌದು, ದೊಡ್ಡಪ್ಪನೇ. ಅಂದಿನಿಂದ ಅವನ ಪ್ರಾಣಿಗಳೆಲ್ಲ ಸುಖವಾಗಿ ನಿದ್ದೆ ಮಾಡಿದವು.

ಹೀಗಿರುವಾಗ ಎಂಟು ವರ್ಷದ ಒಬ್ಬ ಹುಡುಗಿ ಉಯ್ಯಾಲೆಯಿಂದ ಬಿದ್ದು ಎಡಗೈ ಮುರಿದುಕೊಂಡು ಬಂದಳು. ಅಮ್ಮ ಬೇರೆ ಊರಿನಲ್ಲಿ ಕೆಲಸದ ಮೇಲಿದ್ದಳು, ಕರೆತಂದದ್ದು ಅಜ್ಜಿ. ಹುಡುಗಿ ಎಡಚಿ. ಊಟ, ಬರವಣಿಗೆ, ಜಗಳ, ಎಲ್ಲವೂ ಎಡಗೈಯಲ್ಲೇ. ಮೊಣಕೈ ದಾಟಿ ಪ್ಲಾಸ್ಟರ್ ಹಾಕಿ, ಅದರ ಮೇಲೆ ಅವನು ಒಂದು ಬೆಕ್ಕನ್ನು ಬರೆದ. ತಲೆ ಮಣಿಕಟ್ಟಿನ ಹತ್ತಿರ, ಬೆನ್ನು ತೋಳಿನುದ್ದಕ್ಕೂ, ಬಾಲ ಮಾತ್ರ ಕೈಯನ್ನು ಬಳಸಿ ಒಳಬದಿಗೆ ಹೋಗಿ ಮತ್ತೆ ಮೇಲೆ ಬಂದಿತ್ತು. ಬರೆದು ಮುಗಿಸಿ ತಾನೇ ಒಂದು ಗಳಿಗೆ ನೋಡುತ್ತ ನಿಂತ. ಅಷ್ಟು ಒಳ್ಳೆಯ ಬೆಕ್ಕು ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಮೇಷ್ಟ್ರು ಬದುಕಿದ್ದರೆ ಕರೆದು ತೋರಿಸಬೇಕು ಅನ್ನಿಸಿತು.

ಬಿಚ್ಚಬೇಕಾದ ದಿನ ಎಂಟನೇ ತಾರೀಕು. ಅಜ್ಜಿ ಬಂದದ್ದು ಇಪ್ಪತ್ತೆಂಟಕ್ಕೆ. ಅದೂ ಒಬ್ಬಳೇ.

"ಬರಲ್ಲ ಅಂತಾಳಪ್ಪ," ಎಂದು ಅಜ್ಜಿ ಬಾಗಿಲಲ್ಲೇ ಕೂತುಬಿಟ್ಟಳು. "ಬೆಳಗ್ಗೆಯಿಂದ ಬಚ್ಚಲುಮನೆ ಚಿಲಕ ಹಾಕ್ಕೊಂಡು ಒಳಗೇ ಇದಾಳೆ."

ಡಾಕ್ಟರಮ್ಮ ರಿಜಿಸ್ಟರ್ ತೆಗೆದು ನೋಡಿದರು. "ಎಂಟಕ್ಕೆ ಬರ್ಬೇಕಿತ್ತಲ್ಲಜ್ಜಿ! ಇಪ್ಪತ್ತು ದಿನ ಜಾಸ್ತಿ ಆಯ್ತು."

"ಅಯ್ಯೋ, ಪಟ್ಟಿ ಮೇಲೆ ಇಪ್ಪತ್ತೆಂಟು ಅಂತಾನೇ ಬರೆದಿದೆಯಲ್ಲಮ್ಮ. ದಿನಾ ನೋಡ್ತಿದ್ದೆ ನಾನು."

ಪ್ಲಾಸ್ಟರ್ ಮಾಮ ರಿಜಿಸ್ಟರಿನತ್ತ ಬಗ್ಗಿ ನೋಡಿದ. ತಾನೇ ತಪ್ಪು ಬರೆದೆನೇ? ಡಾಕ್ಟರಮ್ಮ ಅವನ ಕಡೆ ತಿರುಗಿದರು. "ಕೀಲು ಬಿಗಿದುಕೊಂಡ್ರೆ ಯಾರು ಹೊಣೆ? ಅವಳು ಬರೆಯೋ ಕೈ ಅದು. ಬೆರಳು ಮಡಿಸೋಕಾಗದೆ ಹೋದ್ರೆ? ಮೊದಲು ಆ ಮಗೂನ ಕರ್ಕೊಂಡು ಬನ್ನಿ. ಚಿತ್ರಗಿತ್ರ ಎಲ್ಲ ಆಮೇಲೆ." ಅವರ ಮಾತು ಒರಟಾಗಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಮಾರ್ಕರನ್ನು ಮೇಜಿನ ಖಾನೆಗೆ ಹಾಕಿ ದೂಡಿದ. ಅಜ್ಜಿಯ ಜೊತೆ ಹೊರಟ.

ಎರಡು ಕೋಣೆಯ ಮನೆ. ಬಚ್ಚಲಿನ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತ. "ಪುಟ್ಟೀ, ನಾನಮ್ಮಾ, ಪ್ಲಾಸ್ಟರ್ ಮಾಮ."

ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಪಟ್ಟಿ ಮೇಲಿನ ತಾರೀಕು ನಾನು ತಪ್ಪು ಬರೆದ್ನಾ, ಇಲ್ಲ ಯಾರಾದ್ರೂ ತಿದ್ದಿದ್ರಾ?"

"ನಾನೇ ತಿದ್ದಿದ್ದು, ಬಲಗೈಯಲ್ಲಿ. ಎಂಟರ ಹಿಂದೆ ಎರಡು ಬರೆದೆ."

ಕಿಲಾಡಿ! ಸಿಟ್ಟು ಬರುವುದರ ಬದಲು ಅವನ ಜೀವಕ್ಕೆ ಸ್ವಲ್ಪ ನೆಮ್ಮದಿಯಾಯಿತು. ತಪ್ಪು ತನ್ನದಲ್ಲವಲ್ಲ. ಆದರೆ ಆ ನೆಮ್ಮದಿ ಹೆಚ್ಚು ಹೊತ್ತು ಬಾಳಲಿಲ್ಲ.

"ಯಾಕಮ್ಮಾ? ಪ್ಲಾಸ್ಟರ್ ಕೊಯ್ಯೋ ಗರಗಸ ಕಂಡ್ರೆ ಭಯಾನಾ? ಅದು ಚರ್ಮಕ್ಕೆ ತಾಗಲ್ಲ."

"ನಂಗೇನು ಭಯ ಇಲ್ಲ. ಅವತ್ತು ಕೈ ತೋರಿಸೋಕೆ ಬಂದಾಗ ನೋಡಿದೆ. ಒಬ್ಬ ಅಣ್ಣನ ಕಾಲಿನ ಆನೇನ ನೀವು ಮಧ್ಯಕ್ಕೆ ಕೊಯ್ದು ಬಕೆಟ್ಟಿಗೆ ಎಸೆದ್ರಿ. ಅದು ಮಲಗಿತ್ತು ಮಾಮಾ. ಪಾಪ, ಅದಕ್ಕೆ ಗೊತ್ತೇ ಆಗ್ಲಿಲ್ಲ."

ಏಳು ವರ್ಷ ದಿನಕ್ಕೊಂದರಂತೆ ಬರೆದಿದ್ದ. ಏಳು ವರ್ಷವೂ ಬಿಚ್ಚುವ ದಿನ ಎರಡು ಬದಿಯಲ್ಲಿ ನೇರ ಗೆರೆ ಹಿಡಿದು ಕೊಯ್ದು ಬಕೆಟ್ಟಿಗೆ ಎಸೆದಿದ್ದ. ಬರೆಯುವಾಗ ಅದು ಆನೆ, ಬಿಚ್ಚುವಾಗ ಅದು ಕಸ. ಎರಡೂ ಒಂದೇ ಕೈಯ ಕೆಲಸ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಮೂಳೆ ಕೂಡಿದೆಯೋ ಇಲ್ಲವೋ ಎಂದು ನೋಡುತ್ತಿದ್ದನೇ ಹೊರತು, ಮಗು ಬಕೆಟ್ಟಿನ ಕಡೆ ಯಾಕೆ ತಿರುಗಿ ತಿರುಗಿ ನೋಡುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮಣೆಯ ಮೇಲೆ ಕೂತಲ್ಲೇ ನಾಚಿಕೆಯಾಯಿತು.

"ನಿನ್ನ ಬೆಕ್ಕಿಗೆ ಗರಗಸ ತಾಗಿಸಲ್ಲ," ಎಂದ.

"ಬಾಲಕ್ಕೂ?"

ಬಾಲ ಸರಿಯಾಗಿ ಕೊಯ್ಯುವ ಗೆರೆಯನ್ನೇ ದಾಟಿತ್ತು. "ಬಾಲಕ್ಕೂ," ಎಂದುಬಿಟ್ಟ. ಒಳಗೆ ಚಿಲಕ ಸರಿಯಿತು. ನಾಳೆ ಬೆಳಗ್ಗೆ ಬರುವುದಾಗಿ ಹುಡುಗಿ ಒಪ್ಪಿದಳು. ಹೇಗೆ ಮಾಡುವುದೆಂದು ಮಾತ್ರ ಮಾಮನಿಗೆ ಗೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಮುಖ ಇಳಿಬಿಟ್ಟುಕೊಂಡು ಕೂತವನನ್ನು ಹೆಂಡತಿ ಕೆದಕಿ ಕೆದಕಿ ಕೇಳಿದಳು. ಎಲ್ಲ ಕೇಳಿದ ಮೇಲೆ, "ಇಷ್ಟೇನಾ?" ಎಂದಳು. "ಹೂವಿನ ಬಟ್ಟೆ ಬಂದ್ರೆ ನಮ್ಮ ಅಂಗಡಿ ಮಾಸ್ಟರು ಏನ್ಮಾಡ್ತಾರೆ? ಹೂವು ನೋಡ್ಕೊಂಡು ಕತ್ತರಿ ಆಡಿಸ್ತಾರೆ. ನೆಟ್ಟಗೇ ಕತ್ತರಿಸ್ಬೇಕು ಅಂತ ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನೇರ ಕೊಯ್ದರೆ ಬೇಗ ಮುಗಿಯುತ್ತದೆ, ಅಷ್ಟೇ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅದರ ಮೇಲೆ ಬೆಕ್ಕು ಬರೆದು, ಕತ್ತರಿ ಹಿಡಿದು ಕೂತ. ಮೂರು ಬೆಕ್ಕಿನ ಬಾಲ ಹೋಯಿತು. ನಾಲ್ಕನೆಯದು ಉಳಿಯಿತು.

ಬೆಳಗ್ಗೆ ಹುಡುಗಿ ಬಂದಳು, ಕೈಯನ್ನು ಎದೆಗವಚಿಕೊಂಡು. ಡಾಕ್ಟರಮ್ಮ ಗೋಡೆಗೊರಗಿ ನಿಂತರು. ಮಾಮ ಯಂತ್ರದ ಗರಗಸವನ್ನು ಬದಿಗಿಟ್ಟು, ಉದ್ದ ಕೊಕ್ಕಿನ ಕೈಕತ್ತರಿ ತೆಗೆದುಕೊಂಡ. ಅದು ಒಂದು ಸಲಕ್ಕೆ ಬೆರಳ ಉಗುರಿನಷ್ಟೇ ಕತ್ತರಿಸುತ್ತದೆ, ಆದರೆ ಹೇಳಿದ ಕಡೆ ತಿರುಗುತ್ತದೆ. ಮೊಣಕೈ ಮೇಲಿನ ಅಂಚಿನಿಂದ ಶುರುಮಾಡಿ, ಬೆಕ್ಕಿನ ಹೊಟ್ಟೆಯ ಕೆಳಗೆ ಹಾದು, ಬಾಲದ ಹತ್ತಿರ ಬಂದಾಗ ಕತ್ತರಿ ಬಾಲದ ಜೊತೆಗೇ ಬಳುಕಿ ಸುತ್ತುಬಂತು. ಐದು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರು ಗೊಣಗಿದರು. ಅವನ ಕನ್ನಡಕದ ಮೇಲೆ ಬೆವರು ಇಳಿಯಿತು, ಅಜ್ಜಿ ಸೆರಗಿನಿಂದ ಒರೆಸಿದಳು. ಕೊನೆಗೊಮ್ಮೆ ಪ್ಲಾಸ್ಟರ್ ಬಾಯಿ ಬಿಟ್ಟಿತು. ಬೆಕ್ಕು ಬಾಲಸಮೇತ ಇಡಿಯಾಗಿ ಬಂತು.

ಹುಡುಗಿ ಬೆಕ್ಕನ್ನು ನೋಡಿದಳು. ಮಿಕ್ಕವರೆಲ್ಲ ಕೈಯನ್ನು ನೋಡಿದರು. ಬಡಕಲಾಗಿ, ಒಣಗಿ, ಹೊಟ್ಟು ಎದ್ದಿತ್ತು.

"ಮುಷ್ಟಿ ಹಿಡಿ ನೋಡೋಣ," ಎಂದರು ಡಾಕ್ಟರಮ್ಮ.

ಬೆರಳುಗಳು ಅರ್ಧಕ್ಕೆ ಬಂದು ನಿಂತವು. "ಇನ್ನೂ ಸ್ವಲ್ಪ." ಬರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು, "ಆಗ್ತಿಲ್ಲ" ಎಂದಳು. ಮಾಮ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟ. ಒಂದು ಬೆಕ್ಕಿಗೋಸ್ಕರ ಮಗುವಿನ ಕೈ ಹಾಳುಮಾಡಿದೆನೇ! ಬೆಂಚನ್ನೇ ಬರೆದುಕೊಂಡು ಇದ್ದಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ ಅನ್ನಿಸಿತು.

ಹುಡುಗಿ ಮೂಗು ಒರೆಸಿಕೊಂಡು ಬೆಕ್ಕಿನ ಕಡೆ ನೋಡಿದಳು.

"ಮಾಮಾ, ಈಗ ಇದನ್ನ ಎಬ್ಬಿಸಬಹುದಾ?"

"ಎಬ್ಬಿಸೋದಾ?"

"ಎಲ್ಲಾ ಮುಗೀತಲ್ಲ. ಪೆನ್ ಕೊಡಿ."

ಅವನು ಖಾನೆ ಎಳೆದು ಮಾರ್ಕರ್ ಕೊಟ್ಟ. ಅವಳು ಬಲಗೈಯಲ್ಲಿ ಈಸಿಕೊಂಡು ಎಡಗೈಗೆ ದಾಟಿಸಿದಳು. ಪೆನ್ನು ಜಾರಿ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ಮೂರನೆಯ ಸಲ ನಾಲಿಗೆ ಕಚ್ಚಿಕೊಂಡು ಹಿಡಿದಳು. ಹೆಬ್ಬೆರಳು ನಡುಗಿತು, ಉಳಿದ ಬೆರಳುಗಳು ಒಂದೊಂದಾಗಿ ಬಂದು ಪೆನ್ನನ್ನು ಅಪ್ಪಿಕೊಂಡವು. ಮುಷ್ಟಿ ಹಿಡಿಯಲು ಆಗದಿದ್ದ ಬೆರಳುಗಳು! ಮುಚ್ಚಿದ ಗೆರೆಯ ಮೇಲೆ ಅವಳು ಒಂದು ವಕ್ರ ಸುತ್ತು ಎಳೆದು, ನಡುವೆ ಒಂದು ಚುಕ್ಕೆ ಇಟ್ಟಳು. ಬೆಕ್ಕು ಕಣ್ಣು ಬಿಟ್ಟಿತು. ದೊಡ್ಡಪ್ಪನಂತೆ ಅಲ್ಲ, ಬೆಕ್ಕಿನಂತೆಯೇ, ಈಗಷ್ಟೇ ಎದ್ದ ಮುಖದಲ್ಲಿ ಅವನನ್ನು ನೋಡಿತು.

"ಸಾಕು ಸಾಕು," ಎಂದು ಡಾಕ್ಟರಮ್ಮ ನಕ್ಕರು. ಬಹಳ ಹೊತ್ತಿನಿಂದ ಅವರೂ ಉಸಿರು ಹಿಡಿದಿದ್ದರೆಂದು ಆಗ ಗೊತ್ತಾಯಿತು. "ಬೆರಳಿಗೇನೂ ಆಗಿಲ್ಲ. ಬಿಗಿತ ದಿನಾ ಆಡಿಸಿದ್ರೆ ಬಿಡುತ್ತೆ. ಹದಿನೈದು ದಿನ ಬಂದು ಇಲ್ಲೇ ಕೂತು ಬರೀಲಿ."

ಮಾಮ ಸ್ಟೂಲಿನ ಮೇಲೆ ಕುಸಿದು ಕೂತ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ನಗಬೇಕೆಂದು ಬಾಯಿ ತೆರೆದರೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಮರುದಿನ ಒಂಬತ್ತಕ್ಕೆ ಅವನು ಬಾಗಿಲು ತೆಗೆಯಲು ಬಂದಾಗ ಹುಡುಗಿ ಆಗಲೇ ಬೆಂಚಿನ ಮೇಲಿದ್ದಳು, ಒಕ್ಕಣ್ಣಿನ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು. ಅಜ್ಜಿ ಎಳೆದುಕೊಂಡು ಬಂದದ್ದಲ್ಲ, ಅವಳೇ ಅಜ್ಜಿಯನ್ನು ಎಳೆದುಕೊಂಡು ಬಂದಿದ್ದಳು. ಮಾಮ ಕ್ಯಾಲೆಂಡರಿನ ಒಂದು ಹಾಳೆಯನ್ನು ಮೇಜಿನ ಮೇಲೆ ಹರವಿ, ಸ್ವಲ್ಪ ಸಂಕೋಚದಿಂದಲೇ ಕೇಳಿದ: "ಪುಟ್ಟೀ, ಈ ಕಣ್ಣು ಬರೆಯೋದು ನಂಗೂ ಹೇಳ್ಕೊಡ್ತೀಯಾ?"

ಅವಳು ಅವನ ಕೈಗೆ ಮಾರ್ಕರ್ ಹಿಡಿಸಿ, ಮೇಲೆ ತನ್ನ ಬಡಕಲು ಎಡಗೈ ಇಟ್ಟಳು.

"ಅಳಬಾರದು," ಎಂದಳು. "ಅಲ್ಲಾಡಬಾರದು."