ಆಯಿಯ ತಾಮ್ರದ ಕೊಡ

ಟಕ್, ಟಕ್, ಟಕ್. ವಿಜಾಪುರದ ಭಾಂಡೆ-ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನ ಉಳಿ ನನ್ನ ಮದುವೆಯ ತಾಮ್ರದ ಕೊಡದ ಹತ್ತಿರ ಬಂದು ನಿಂತಿತು. ಕೊಡ ಉಡುಗೊರೆ ಕೊಡುತ್ತಿದ್ದ ಆಯಿಗೆ, ಅಂದರೆ ಅವ್ವನ ಅವ್ವನಿಗೆ, ಅದರ ಮೇಲೆ ತನ್ನ ಹೆಸರು ಬೇಕಿತ್ತು. ಕಾನ್ವೆಂಟ್ ಕಲಿತ ನನಗೆ ಗೋಲ್ಡ್ ಬಾರ್ಡರಿನ ಇಂಗ್ಲಿಷ್ ಮದುವೆ ಕಾರ್ಡು ಬೇಕಿತ್ತು. ಎರಡಕ್ಕೂ ಸಾಲುವಷ್ಟು ದುಡ್ಡಿರಲಿಲ್ಲ.

“ವೇಸ್ಟ್ ಬೇ ಆಯಿ. ನಿನಗ ಓದಾಕ ಎಲ್ಲಿ ಬರತೈತಿ?” ಎಂದೆ.

“ಓದಾಕ ಅಲ್ಲ, ಯವ್ವಾ. ಬೆರಳಿಗೆ ಹತ್ತಿದ್ರ ಸಾಕು.”

ಕಾರ್ಡೇ ಗೆದ್ದಿತು. ಟಿಕೋಟಾದ ಬಳಗದವರು ಅದನ್ನು ಹಿಡಿದುಕೊಂಡೇ ಬಸ್ ಹತ್ತಿ ಬಂದು, ಮದುವೆ ಯಾವತ್ತೆಂದು ಆಯಿಯನ್ನು ಕೇಳಿದರು.

ಆಯಿಯನ್ನು ಕಡೆಯ ಸಲ ಕಂಡದ್ದು ಬಬಲೇಶ್ವರದ ನನ್ನ ಗಂಡನ ಮನೆಯಲ್ಲಿ. ಅವಳ ಕಣ್ಣು ಪೂರ್ತಿ ಮಂಜಾಗಿತ್ತು. ಸಾಲಾಗಿಟ್ಟ ಉಡುಗೊರೆ ಕೊಡಗಳ ಕಂಠದಲ್ಲಿ ಕೊರೆದಿದ್ದ ಹೆಸರುಗಳನ್ನು ಒಂದೊಂದಾಗಿ ಸವರಿ, ನುಣ್ಣಗಿದ್ದ ಒಂದರ ಮೇಲೆ ಬೆರಳು ನಿಲ್ಲಿಸಿ, “ಹಂಗಾರ ಇದ ನಂದು” ಎಂದಳು.