ಜೂನ್‌ಗೆ ಮುಗಿಯುವವನು

ಲಮಾಂಟ್ ಪೆಟ್ಟಿವೇ ಬ್ಯಾಸ್ಕೆಟ್‌ಬಾಲ್ ಆಡಿ ಸಂಸಾರ ಸಾಗಿಸಿದವನು. ಹೆಸರುವಾಸಿಯೇನಲ್ಲ. ದೊಡ್ಡ ಆಟಗಾರರು ದಣಿದು ಕೂತಾಗ ಎದ್ದುಹೋಗಿ, ಎದುರಾಳಿಗೆ ಮೈಯೊಡ್ಡಿ ನಿಂತು, ಮತ್ತೆ ಬೆಂಚಿಗೆ ಬಂದು ಕೂರುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಆರು ತಂಡ ಬದಲಾಗಿದ್ದವು. ಹೆಂಡತಿ ರೆನೀಟಾ, ಮಗಳು ಜೋರಾ ಮಾತ್ರ ಅಲಬಾಮಾದ ಮನೆಯಲ್ಲೇ ಇದ್ದರು. ಅಪ್ಪನ ಕೆಲಸ ಏನೆಂದು ಶಾಲೆಯಲ್ಲಿ ಕೇಳಿದರೆ ಮಗು "ವಿಮಾನ ಹತ್ತೋದು" ಎನ್ನುತ್ತಿತ್ತು.

ಆ ಫೆಬ್ರವರಿಯಲ್ಲಿ, ಆಟಗಾರರ ಅದಲುಬದಲಿಗೆ ಕಡೆಯ ದಿನ, ಸೇಂಟ್ ಲೂಯಿಸ್ ತಂಡ ಅವನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟಿತು. ಮಂಡಿನೋವಿನಿಂದ ಎರಡು ತಿಂಗಳು ಕೂತಿದ್ದವನಿಗೆ ಜೀವ ಬಂದಂತಾಯಿತು.

"ಅಂದ್ರೆ ಅವರಿಗೆ ನಾನು ಬೇಕು ಅಂತಾಯ್ತಲ್ಲ?"

ಫೋನಿನಲ್ಲಿ ಅವನ ಏಜೆಂಟ್ ವರ್ಬಿನ್ ಗಂಟಲು ಸರಿಮಾಡಿಕೊಂಡ. "ನೋಡಪ್ಪಾ, ನಿನ್ನ ಒಪ್ಪಂದ ಜೂನ್‌ಗೆ ಮುಗಿಯುತ್ತೆ. ಅವರ ಹತ್ರ ಇನ್ನೂ ಮೂರು ವರ್ಷ ದೊಡ್ಡ ಸಂಬಳ ತಿನ್ನೋನು ಒಬ್ಬ ಇದ್ದ, ಅವನನ್ನ ನಿನ್ನ ಬದಲಿಗೆ ಸೇಂಟ್ ಲೂಯಿಸ್‌ಗೆ ತಳ್ಳಿದ್ರು. ಒಂದು ತಂಡ ಒಟ್ಟು ಇಷ್ಟೇ ಸಂಬಳ ಕೊಡಬಹುದು ಅಂತ ಮಿತಿ ಇದೆಯಲ್ಲ, ನೀನು ಜೂನ್‌ನಲ್ಲಿ ಎದ್ದುಹೋದ್ರೆ ಅಷ್ಟು ಸಂಬಳದ ಜಾಗ ಖಾಲಿ. ಯಾವನಾದ್ರೂ ಭಾರೀ ಆಟಗಾರನನ್ನ ತರ್ತಾರೆ. ಅವರಿಗೆ ಬೇಕಾಗಿರೋದು ನೀನು ಬರೋದಲ್ಲ, ಹೋಗೋದು."

"ಆಡ್ಸಲ್ವಾ?"

"ಮನೇಲಿರು ಅಂದಿದ್ದಾರೆ. ಸಂಬಳ ಬರುತ್ತೆ."

ಮೂವತ್ತನಾಲ್ಕರ ಆಟಗಾರ ಈ ವಸಂತವಿಡೀ ಕೂತರೆ ಬೇಸಿಗೆಯಲ್ಲಿ ಅವನನ್ನು ಯಾರೂ ಕರೆಯುವುದಿಲ್ಲ. ಆದರೆ ಕೈ ಬದಲಾದವನ ಮೈಯನ್ನು ಹೊಸ ತಂಡದ ವೈದ್ಯರು ಪರೀಕ್ಷಿಸುವುದು ವಾಡಿಕೆ. ಮಂಡಿ ಗಟ್ಟಿಯಾಗಿದೆ ಎಂದು ಕಂಡರೆ ಮನಸ್ಸು ಬದಲಾಯಿಸಿಯಾರು ಅಂದುಕೊಂಡ. ಇಡೀ ಸಂಜೆ ಫ್ರೀಜರಿನ ಬಟಾಣಿ ಚೀಲವನ್ನು ಮಂಡಿಗೆ ಒತ್ತಿಕೊಂಡು ಕೂತ. ಯಾರೂ ಕರೆಯದಿದ್ದರೂ ಮರುದಿನ ಪಿಟ್ಸ್‌ಬರ್ಗ್‌ಗೆ ವಿಮಾನ ಹತ್ತಿದ.

ತಂಡದ ವೈದ್ಯೆ ಹಾಲ್ವರ್ಸನ್ ಬರುವಷ್ಟರಲ್ಲಿ ಪ್ಯಾಂಟು ಮಂಡಿಯ ಮೇಲಕ್ಕೆ ಮಡಚಿ ಕೂತಿದ್ದ.

"ನಿಮ್ಮ ಪರೀಕ್ಷೆ ಬೇಡ ಅಂದಿದ್ದಾರಲ್ಲ," ಎಂದರು ಆಕೆ, ಮುಜುಗರದಿಂದ. "ಮಂಡಿ ಹೇಗಿದ್ರೂ ಸರಿ, ಒಪ್ಕೊಂಡಾಯ್ತು ಅಂದ್ರು."

"ಇಷ್ಟು ದೂರ ಬಂದಿದ್ದೀನಿ ಡಾಕ್ಟರೇ. ಒಂದ್ಸಲ ನೋಡಿಬಿಡಿ."

ಆಕೆ ಬಾಗಿಲು ಮುಂದೆಮಾಡಿ, ಸ್ಟೂಲು ಎಳೆದುಕೊಂಡರು. ಮಂಡಿ ಮಡಚಿಸಿದರು, ತಿರುಗಿಸಿದರು, ಹೆಬ್ಬೆರಳಲ್ಲಿ ಒತ್ತಿದರು. "ಚೆನ್ನಾಗಿ ನೋಡ್ಕೊಂಡಿದ್ದೀರಿ. ಇದು ಆಡೋ ಮಂಡಿ."

ಎರಡು ದಿನದಿಂದ ಅವನ ಬಗ್ಗೆ ಎಷ್ಟೋ ಜನ ಮಾತಾಡಿದ್ದರು. ಮೈಮುಟ್ಟಿ ವಿಚಾರಿಸಿದವರು ಆಕೆಯೊಬ್ಬರೇ.

ಮ್ಯಾನೇಜರ್ ಕ್ರಾಡಕ್ ಕಾಫಿ ಕೊಟ್ಟು ಉಪಚರಿಸಿದ. "ಮಂಡಿ ಮಾತಲ್ಲ ಇದು. ಮನೆಗೆ ಹೋಗಿ ಮಗು ಜೊತೆ ಇರಿ. ಇಲ್ಲಾಂದ್ರೆ ಬರೋ ಸಂಬಳದಲ್ಲಿ ಒಂದು ಪಾಲು ಬಿಟ್ಕೊಡಿ, ಇವತ್ತೇ ಬಿಡುಗಡೆ ಮಾಡ್ತೀವಿ. ಯಾರಾದ್ರೂ ಕರೆದ್ರೆ ಹೋಗಿ ಆಡಿ. ಕರೆದಿದ್ದಾರಾ?"

"ಇಲ್ಲ."

ಹೊರಗೆ ಬಂದು ರೆನೀಟಾಗೆ ಫೋನ್ ಮಾಡಿದ. ಅತ್ತ ಮೀನು ಹುರಿಯುವ ಸದ್ದು.

"ಅಷ್ಟು ಬಿಟ್ರೂ ಜೋರಾ ಓದಿಗೆ ತೊಂದ್ರೆ ಇಲ್ಲ," ಎಂದಳು ಅವಳು, ಲೆಕ್ಕ ಕೇಳಿ. "ಬಿಡಿಸ್ಕೊ."

"ಯಾರೂ ಕರೀದಿದ್ರೆ?"

"ಮನೆಗೆ ಬಾ. ಆದ್ರೆ ಬಿಡುಗಡೆ ಕೇಳದೇ ಹೋದೆನಲ್ಲ ಅಂತ ಕೊರಗ್ತಾ ನನ್ನ ಸೋಫಾ ಮೇಲೆ ಕೂತೆ ಅನ್ನು, ನಾನೇ ನಿನ್ನನ್ನ ಬೇರೆ ಊರಿಗೆ ಕೊಟ್ಟು, ಬದಲಿಗೆ ಪಾತ್ರೆ ತೊಳೆಯೋ ಮಷಿನ್ ತರ್ತೀನಿ."

ಅವನು ನಕ್ಕ. "ಇನ್ನೂ ಸ್ವಲ್ಪ ಹೊತ್ತು ಮಾತಾಡು."

"ಮೀನು ಸೀಯುತ್ತೆ ಕಣೋ," ಎಂದಳು. ಆದರೂ ಫೋನ್ ಇಡಲಿಲ್ಲ.

ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ ಹೊರಬಿದ್ದಾಗ ಹಿಮ ಉದುರುತ್ತಿತ್ತು. ಗೋಡೆಯಾಚೆ ಅಭ್ಯಾಸ ನಡೆದಿತ್ತು. ನೆಲಕ್ಕುಜ್ಜುವ ಬೂಟುಗಳ ಕೀಚಲು ಸದ್ದಿನಲ್ಲೇ ಯಾವ ಅಭ್ಯಾಸ ಎಂದು ಅವನಿಗೆ ತಿಳಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನು ಯಾರ ತಂಡದವನೂ ಅಲ್ಲ. ಫೋನಿನ ದನಿಯನ್ನು ಪೂರ್ತಿ ಏರಿಸಿ, ಕೋಟಿನ ಎದೆಜೇಬಿಗೆ ಇಳಿಬಿಟ್ಟು ನಡೆಯತೊಡಗಿದ. ಬೀದಿ ದಾಟುವಷ್ಟರಲ್ಲಿ ಎರಡು ಸಲ ತೆಗೆದು ನೋಡಿದ.