ಹೊಗೆ ಎಬ್ಬಿಸಿ ತೆಗೆದ ಚಿತ್ರ

ತಿಪ್ಪಮ್ಮನವರ ಅಡುಗೆಮನೆಯಲ್ಲಿ ಅಂದು ಹೊಗೆ ಎಬ್ಬಿಸಿದವನು ನಾನು. ಆ ಮನೆಯಿಂದ ಹೊಗೆ ತೊಲಗಿದೆ ಎಂದು ಸಾಬೀತುಪಡಿಸುವುದಕ್ಕಾಗಿ ಎಬ್ಬಿಸಿದೆ. ಈ ಮಾತನ್ನು ಇನ್ನೊಮ್ಮೆ ಓದಿದರೂ ಇದಕ್ಕಿಂತ ಹೆಚ್ಚು ಅರ್ಥವಾಗುವುದಿಲ್ಲ. ನಾನು ಓದಿ ನೋಡಿದ್ದೇನೆ.

ನನ್ನ ಕಸುಬನ್ನು ಹೇಳಬೇಕು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆ ಒಳ್ಳೆಯ ಕೆಲಸ ಮಾಡುವ ಸಣ್ಣಪುಟ್ಟ ಸಂಘಗಳಿವೆ. ಅವಕ್ಕೆ ನೆರವು ಕೊಡುವ ದಾನಿಗಳು ದೂರದ ಊರುಗಳಲ್ಲಿದ್ದುಕೊಂಡು, ‘ನಮ್ಮ ನೆರವಿನಿಂದ ಏನಾಯಿತು?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಸಂಘದವರಿಗೆ ಕೆಲಸ ಮಾಡಲು ಬರುತ್ತದೆ, ಉತ್ತರ ಹೇಳಲು ಬರುವುದಿಲ್ಲ. ಆ ಉತ್ತರವನ್ನು ಅಳೆದು ತೂಗಿ, ಚಿತ್ರಸಮೇತ ಸಿದ್ಧಪಡಿಸಿ ಕೊಡುವ ಪಂಡಿತ ನಾನು — ಚಿತ್ರದುರ್ಗದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಪ್ರಿಂಟರು, ಒಂದು ಗಂಭೀರ ಮುಖ.

ಮತ್ತೋಡಿನ ಬಳಿಯ ಒಂದು ಸಂಘ ಕೆಲವು ಮನೆಗಳಿಗೆ ಹೊಗೆಯಿಲ್ಲದ ಒಲೆ ಹಾಕಿಸಿಕೊಟ್ಟಿತ್ತು. ‘ಮೊದಲು’ ಮತ್ತು ‘ನಂತರ’ದ ಫೋಟೋ ಕಳಿಸಿದರೆ ಉಳಿದ ಮನೆಗಳಿಗೂ ಕೊಡುತ್ತೇವೆಂದರು ದಾನಿಗಳು. ‘ನಂತರ’ ಸುಲಭ. ‘ಮೊದಲು’ ಯಾರೂ ತೆಗೆದಿರಲಿಲ್ಲ — ಕಷ್ಟದ ಫೋಟೋ ತೆಗೆಸಿಟ್ಟುಕೊಂಡು ಆಮೇಲೆ ಸುಖಪಡುವ ಶಿಸ್ತು ನಮ್ಮ ಸೀಮೆಗೆ ಇನ್ನೂ ಬಂದಿಲ್ಲ.

ಹಾಗಾಗಿ ತಿಪ್ಪಮ್ಮನವರ ಹೊಸ ಒಲೆಗೆ ಗೋಣಿಚೀಲ ಮುಚ್ಚಿಸಿ, ಪಕ್ಕದಲ್ಲಿ ಮೂರು ಕಲ್ಲು ಹೂಡಿಸಿ, ಹಸಿ ಜಾಲಿ ಕಟ್ಟಿಗೆ ತರಿಸಿದೆ.

“ಅಲ್ಲ ಸಾ, ಹೊಗೆ ಹೋಗ್ಲಿ ಅಂತ ಒಲೆ ಹಾಕ್ಸಿದೋರೂ ನೀವೇಯ, ಈಗ ಹೊಗೆ ಕರ್ಕಂಡ್ ಬಂದೋರೂ ನೀವೇಯ. ಓಡ್ಸಿದ್ ಗಂಡನ್ನ ಫೋಟಾಕ್ಕೆ ಕರ್ಸಿದಂಗಾತು!” ಎಂದರು ತಿಪ್ಪಮ್ಮ. ಬಾಗಿಲಲ್ಲಿ ನಿಂತಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ.

ಸಂಘದ ಶಿವಣ್ಣ, “ಬೀದಿಯೋರ್ಗೆಲ್ಲ ಒಲೆ ಬರ್ತಾವೆ ಕಣಕ್ಕ, ಒಂದ್ ಗಳಿಗೆ ಕುಂತ್ಕ” ಎಂದ.

“ಬೀದಿಯೋರ್ಗೆ ಅಂದ್ರೆ ಆತು ಬಿಡಪ್ಪ.” ಕುಳಿತರು. ಊದಿದರು.

ಅವರ ಹಿಂದಿನ ಗೋಡೆ ವಿಪರೀತ ಬೆಳ್ಳಗಿತ್ತು. ಕಷ್ಟದ ಚಿತ್ರಕ್ಕೆ ಅಂಥ ಗೋಡೆ ಶೋಭಿಸುವುದಿಲ್ಲ, ಅದನ್ನು ಮರೆಸಬೇಕಿತ್ತು. ಆಗ ನಾನು ಆಡಿದ ಮಾತು ಇದು: “ಇನ್ನೊಂದೆರಡು ಹಸಿ ಕಟ್ಟಿಗೆ ಹಾಕಿ.”

ಕೆಮ್ಮು ಬಂತು. ನಟನೆಯದಲ್ಲ — ಹಳೆಯದೇ, ಮನೆಯ ದಾರಿ ಮರೆತಿರಲಿಲ್ಲ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ನನ್ನ ಕಡೆಗೆ, ಸಾಕು ಎಂಬಂತೆ — ಆ ಕೈಯನ್ನು ನಾನು ಸ್ಪಷ್ಟವಾಗಿ ಕಂಡೆ. ಚಿತ್ರ ಚೆನ್ನಾಗಿ ಬರುತ್ತಿದೆ ಅನ್ನಿಸಿತು. ತೆಗೆದೆ.

ಹೊರಗೆ ಕಟ್ಟೆಯ ಮೇಲೆ ಕುಳಿತು, ಉಸಿರು ಹದಕ್ಕೆ ಬಂದ ಮೇಲೆ ಅವರೆಂದರು: “ಮಗ್ಳು ಬಾಣಂತನಕ್ಕೆ ಬರ್ತಾಳೆ. ಇಷ್ಟು ವರ್ಸ ಹೊಗೆ ಹಿಡ್ದು ಆ ಗ್ವಾಡೆಗೆ ಸುಣ್ಣ ನಿಲ್ತಿರ್ಲಿಲ್ಲ. ಮೊನ್ನೆ ಬಳ್ದಿದ್ದೆ. ಹೋಗ್ಲಿ ಬಿಡ್ರಿ, ಇನ್ನೊಂದ್ ಸಲ ಬಳ್ದ್ರಾತು.”

ನಾನು ಅಳೆಯಲು ಬಂದಿದ್ದ ಫಲಿತಾಂಶ ಗೋಡೆಯುದ್ದಕ್ಕೂ ಬೆಳ್ಳಗೆ ಬಳಿದುಕೊಂಡಿತ್ತು. ಅದಕ್ಕೆ ಮಸಿ ಹಿಡಿಸಿದ್ದೆ.

“ಎಲ್ಲಿ, ತೋರ್ಸ್ರಿ, ಹೆಂಗ್ ಬಂದೀನಿ?” ಎಂದರು. ಅವರು ಹೊಸ ಒಲೆಯ ಮುಂದೆ ನಗುತ್ತಿದ್ದ, ಅಂದು ಬೆಳಿಗ್ಗೆ ತೆಗೆದ ಚಿತ್ರವನ್ನು ಮಾತ್ರ ತೋರಿಸಿದೆ. ಮೆಚ್ಚಿಕೊಂಡರು. ಇನ್ನೊಂದರ ಕೆಳಗೆ ‘ಒಲೆ ಬರುವ ಮೊದಲು: ಅಸಹಾಯಕ ತಿಪ್ಪಮ್ಮ’ ಎಂದು ಬರೆದು ಕಳಿಸಿದೆ. ದಾನಿಗಳ ಮನಸ್ಸು ಕರಗಿತು.

ಒಲೆಗಳು ಬಂದವು. ಇದನ್ನು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ವರ್ಷಗಳಿಂದ ಹಾಗಾಗುವುದನ್ನು ಕುತೂಹಲದಿಂದ ನೋಡುತ್ತಿದ್ದೇನೆ. ಬೇರೆ ಕುತೂಹಲಗಳೂ ಇವೆ. ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡವನು, ಈ ಗೋಡೆ ಏಕಿಷ್ಟು ಬೆಳ್ಳಗಿದೆ ಎಂದು ಒಮ್ಮೆಯೂ ಏಕೆ ಕೇಳಲಿಲ್ಲ? ಆ ಕೈ ಕಂಡ ಮೇಲೂ ಏಕೆ — ಇಲ್ಲ, ಅದಕ್ಕೆ ಉತ್ತರ ನನಗೆ ಗೊತ್ತು.

ಆ ‘ಮೊದಲು’ ಸುಳ್ಳು, ತಪ್ಪು ಸಂಘದ್ದಲ್ಲ, ನನ್ನದು ಎಂದು ಈಗ ದಾನಿಗಳಿಗೆ ಬರೆದು ಕಳಿಸಿದ್ದೇನೆ. ಅದು ಸುಲಭದ ಭಾಗ. ನಾಳೆ ಮತ್ತೋಡಿನ ಬಸ್ಸು ಹತ್ತಿ, ಆ ಚಿತ್ರವನ್ನು ತಿಪ್ಪಮ್ಮನವರ ಕೈಗೆ ಕೊಟ್ಟು, ಅದರ ಕೆಳಗೆ ಬರೆದದ್ದನ್ನು ನನ್ನ ಬಾಯಿಂದಲೇ ಓದಿ ಹೇಳಬೇಕು. ಬೈದರೆ ನಿಂತು ಕೇಳುತ್ತೇನೆ. ‘ಹೋಗ್ಲಿ ಬಿಡ್ರಿ’ ಎಂದುಬಿಟ್ಟರೆ — ಅದನ್ನು ನಿಂತು ಕೇಳುವುದು ಹೇಗೆಂದು ನನಗಿನ್ನೂ ತಿಳಿದಿಲ್ಲ.